ಕಾರ್ಟೂನಿಗೂ ಕಾಳಗಕ್ಕೂ ಒಂದೇ ಅಳತೆ ಯಾಕೆ? ನೆಟ್‌ಫ್ಲಿಕ್ಸ್ ತನ್ನ ಏಣಿ ಬದಲಿಸಿದ ಪ್ರಕರಣ

2016ರ ಜನವರಿ 6ರಂದು ನೆಟ್‌ಫ್ಲಿಕ್ಸ್ ಒಂದೇ ಏಟಿಗೆ 130ಕ್ಕೂ ಹೆಚ್ಚು ದೇಶಗಳಲ್ಲಿ ಶುರುವಾಯಿತು. ಅದರಲ್ಲಿ ನಮ್ಮ ದೇಶವೂ ಒಂದು. ಆಗಿನ್ನೂ ಜಿಯೋ ಬಂದಿರಲಿಲ್ಲ, ಅದು ಬಂದದ್ದು ಅದೇ ವರ್ಷ ಸೆಪ್ಟೆಂಬರ್ 5ಕ್ಕೆ. ಒಂದು ಜಿಬಿ 3ಜಿ ಡೇಟಾಕ್ಕೆ ಇನ್ನೂರೈವತ್ತು ರೂಪಾಯಿಯಷ್ಟು ಕೊಟ್ಟು, ತಿಂಗಳ ಕೊನೆಗೆ ವಾಟ್ಸಾಪ್ ಫೋಟೊಗಳೂ ತಾವಾಗಿ ಇಳಿಯಬಾರದು ಅಂತ ಸೆಟ್ಟಿಂಗ್ ಬದಲಿಸಿಟ್ಟುಕೊಳ್ಳುತ್ತಿದ್ದ ಕಾಲ ಅದು, ನೆನಪಿದೆ ಅಲ್ವಾ? ನಾನೂ ಮೊದಲ ತಿಂಗಳು ಫ್ರೀ ಅಂತ ಸೇರಿಕೊಂಡೆ. ಮೂರು ದಿನಕ್ಕೆ ಪ್ಯಾಕ್ ಖಾಲಿ.

ಅದಕ್ಕೂ ಮೂರು ವಾರ ಮೊದಲು, 2015ರ ಡಿಸೆಂಬರ್ 14ರಂದು, ನೆಟ್‌ಫ್ಲಿಕ್ಸಿನ ಆ್ಯನ್ ಆ್ಯರನ್ ಮತ್ತವರ ಜೊತೆಗಾರ ಎಂಜಿನಿಯರುಗಳು ತಾವು ಮಾಡಿದ ಒಂದು ಬದಲಾವಣೆಯನ್ನು ವಿವರವಾಗಿ ಬರೆದು ಹೊರಗೆ ಬಿಟ್ಟಿದ್ದರು. ಹೊಸ ಕೋಡೆಕ್ (ವಿಡಿಯೋವನ್ನು ಕುಗ್ಗಿಸಿ ಬರೆದು ಮತ್ತೆ ಬಿಚ್ಚುವ ವಿಧಾನ) ಏನೂ ಅಲ್ಲ. 2003ರಲ್ಲಿ ಬಂದ ಅದೇ ಹಳೇ ಎಚ್.264, ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಅದೇ ಎಕ್ಸ್264 ಎನ್‌ಕೋಡರ್, ಅಂದರೆ ಆ ಕುಗ್ಗಿಸುವ ಕೆಲಸ ಮಾಡುವ ಸಾಫ್ಟ್‌ವೇರ್. ಬದಲಿಸಿದ್ದು ಬರೀ ಒಂದು ಪಟ್ಟಿಯನ್ನು. ವೆಬ್ಬಿಗೆ ವಿಡಿಯೋ ಹಾಕುವವರು ಯಾರೇ ಆಗಲಿ, ಕೋಡೆಕ್ ಬಗ್ಗೆ ಜಗಳ ಆಡುವ ಮೊದಲು ಈ ಪ್ರಕರಣ ಓದಬೇಕು ಅನ್ನುವುದು ನನ್ನ ಹಠ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಒಂದು ಲೆಕ್ಕ. ಸ್ವಲ್ಪವೂ ಕಂಪ್ರೆಸ್ ಮಾಡದ 1080ಪಿ ವಿಡಿಯೋ (1920×1080 ಚುಕ್ಕೆಗಳದ್ದು), ಸೆಕೆಂಡಿಗೆ 24 ಫ್ರೇಮಿನದು, ಸೆಕೆಂಡಿಗೆ ಸುಮಾರು 60 ಕೋಟಿ ಬಿಟ್ ಆಗುತ್ತದೆ. ನೆಟ್‌ಫ್ಲಿಕ್ಸ್ ಆಗ 1080ಪಿಗೆ ಹೆಚ್ಚೆಂದರೆ ಕಳಿಸುತ್ತಿದ್ದದ್ದು ಸೆಕೆಂಡಿಗೆ 58 ಲಕ್ಷ ಬಿಟ್, ಅಂದರೆ 5800 ಕೆಬಿಪಿಎಸ್ (ಸೆಕೆಂಡಿಗೆ 5800 ಸಾವಿರ ಬಿಟ್). ನೂರರಲ್ಲಿ ಒಂದು ಪಾಲು. ಮಿಕ್ಕ ತೊಂಬತ್ತೊಂಬತ್ತು ಪಾಲು ಎಲ್ಲಿ ಹೋಯಿತು?

ಯಕ್ಷಗಾನದ ರಂಗಸ್ಥಳ ನೆನಪಿಸಿಕೊಳ್ಳಿ. ಹಿಂದಿನ ಪರದೆ ರಾತ್ರಿಯಿಡೀ ಅದೇ, ಭಾಗವತರು ಕೂತಲ್ಲೇ ಇದ್ದಾರೆ, ಕ್ಯಾಮೆರಾ ಸ್ಟ್ಯಾಂಡಿನ ಮೇಲಿದೆ. ಎನ್‌ಕೋಡರ್ ಮೊದಲ ಫ್ರೇಮನ್ನು ಪೂರ್ತಿ ಬರೆದುಕೊಂಡು ಆಮೇಲಿನ ಫ್ರೇಮುಗಳಲ್ಲಿ 'ಪರದೆ ಮೊದಲಿನಂತೆಯೇ, ವೇಷಧಾರಿಯ ಕೈ ಮಾತ್ರ ಎರಡು ಅಂಗುಲ ಬಲಕ್ಕೆ' ಅಂತ ಬರೆದು ಮುಗಿಸುತ್ತದೆ. ಅರ್ಥ ಹೇಳುತ್ತಾ ನಿಂತ ವೇಷಕ್ಕೆ ಬಿಟ್ಟುಗಳೇ ಬೇಡ. ಅದೇ ವೇಷ ದಿಗಿಣ ಹಾಕತೊಡಗಿತೋ, ಪ್ರತಿ ಫ್ರೇಮಿನಲ್ಲೂ ಬಟ್ಟೆ, ಮಣಿಸರ, ಕಿರೀಟ ಎಲ್ಲ ಹೊಸದು, ಹಿಂದಿನದನ್ನು ನೋಡಿ ಬರೆಯಲು ಏನೂ ಉಳಿಯಲಿಲ್ಲ. ಇದಕ್ಕಿಂತಲೂ ಕಷ್ಟ ಮಳೆಗಾಲದ ಜೋಗ. ನೀರಿನ ಒಂದು ಹನಿಯೂ ಮುಂದಿನ ಫ್ರೇಮಿನಲ್ಲಿ ಇದ್ದಲ್ಲೇ ಇರುವುದಿಲ್ಲ, ಇದ್ದ ಆಕಾರದಲ್ಲೂ ಇರುವುದಿಲ್ಲ. ಜೋಗಕ್ಕೆ ಹೋಗಿ ಬಂದ ವಿಡಿಯೋ ವಾಟ್ಸಾಪಿನಲ್ಲಿ ಕಳಿಸಿದರೆ ನೀರೆಲ್ಲ ಕಲಸಿದ ಹಿಟ್ಟಿನ ಹಾಗೆ ಕಾಣುವುದು ಇದಕ್ಕೇ, ನಿಮ್ಮ ಫೋನಿನ ತಪ್ಪಲ್ಲ.

ಅಂದರೆ ಚಿತ್ರದಲ್ಲಿ ಏನಿದೆ ಅನ್ನುವುದರ ಮೇಲೆ ಎಷ್ಟು ಬಿಟ್ ಬೇಕು ಅನ್ನುವುದು ನಿಂತಿದೆ. ಇದು ಎನ್‌ಕೋಡಿಂಗ್ ಮಾಡುವ ಎಲ್ಲರಿಗೂ ಗೊತ್ತಿದ್ದ ಸಂಗತಿ. ಆದರೂ 2015ರ ತನಕ ನೆಟ್‌ಫ್ಲಿಕ್ಸಿನಲ್ಲಿ ಎಲ್ಲ ಚಿತ್ರಕ್ಕೂ ಒಂದೇ ಪಟ್ಟಿ ಇತ್ತು. ಬಿಟ್‌ರೇಟ್ ಲ್ಯಾಡರ್ ಅಂತ ಅದರ ಹೆಸರು, ನಾನು ಏಣಿ ಅನ್ನುತ್ತೇನೆ. ಬಿಟ್‌ರೇಟ್ ಅಂದರೆ ಸೆಕೆಂಡಿಗೆ ಎಷ್ಟು ಬಿಟ್ ಅನ್ನುವ ಲೆಕ್ಕ. ಹತ್ತು ಮೆಟ್ಟಿಲು. ಎಲ್ಲಕ್ಕಿಂತ ಕೆಳಗಿನದು 235 ಕೆಬಿಪಿಎಸ್, ಚಿತ್ರದ ಅಳತೆ 320×240. ನಡುವೆ 1050ಕ್ಕೆ 640×480, 1750ಕ್ಕೆ 720×480. 2350 ಮತ್ತು 3000ಕ್ಕೆ 720ಪಿ. ಮೇಲಿನ ಎರಡು, 4300 ಮತ್ತು 5800, 1080ಪಿ. ಮಕ್ಕಳ ಕಾರ್ಟೂನ್ ಇರಲಿ, ಮಳೆಯಲ್ಲಿ ನೂರು ಜನ ಕತ್ತಿ ಹಿಡಿದು ಹೊಡೆದಾಡುವ ಸಿನಿಮಾ ಇರಲಿ, ಏಣಿ ಇದೇ. ಸರ್ಕಾರಿ ಶಾಲೆಯಲ್ಲಿ ಯೂನಿಫಾರಂ ಕೊಡುವಾಗ ಒಂದನೇ ಕ್ಲಾಸಿನವನಿಗೂ ಏಳನೇ ಕ್ಲಾಸಿನವನಿಗೂ ಒಂದೇ ಅಳತೆಯ ಬಟ್ಟೆ ಹರಿದು ಕೊಟ್ಟ ಹಾಗೆ. ಒಬ್ಬನಿಗೆ ಮಡಿಸಿ ಹೊಲಿಯಬೇಕು, ಇನ್ನೊಬ್ಬನಿಗೆ ತೋಳೇ ಸಾಲದು.

ಏಣಿ ಯಾಕೆ ಬೇಕು ಅನ್ನುವುದನ್ನೂ ಹೇಳಿಬಿಡುತ್ತೇನೆ. ವೆಬ್ಬಿನಲ್ಲಿ ವಿಡಿಯೋವನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ ಇಟ್ಟಿರುತ್ತಾರೆ, ಪ್ರತಿ ತುಂಡೂ ಏಣಿಯ ಎಲ್ಲ ಮೆಟ್ಟಿಲಿನಲ್ಲೂ ಸಿಗುತ್ತದೆ. ನಿಮ್ಮ ಪ್ಲೇಯರ್ ನೆಟ್ ಎಷ್ಟು ವೇಗವಾಗಿದೆ ಅಂತ ಅಳೆದು, ಮುಂದಿನ ತುಂಡನ್ನು ಯಾವ ಮೆಟ್ಟಿಲಿನಿಂದ ತರಿಸಬೇಕು ಅಂತ ತಾನೇ ತೀರ್ಮಾನ ಮಾಡುತ್ತದೆ. ನೆಟ್ ಕುಸಿದರೆ ಚಿತ್ರ ಮಸುಕಾಗುತ್ತದೆ, ಆದರೆ ನಿಲ್ಲುವುದಿಲ್ಲ.

ಈಗ 2 ಎಂಬಿಪಿಎಸ್ ನೆಟ್ ಇದೆ ಅಂದುಕೊಳ್ಳಿ, ಅದೂ ಸುಮ್ನೆ ಹೇಳುವುದಲ್ಲ, ಆಗ ನಮ್ಮಲ್ಲಿ ಬಹಳ ಮನೆಗಳ ಬ್ರಾಡ್‌ಬ್ಯಾಂಡ್ ಇಷ್ಟೇ ಇತ್ತು. ನಾಲ್ಕು ಸೆಕೆಂಡಿನ ಒಂದು ತುಂಡು 5800ರ ಮೆಟ್ಟಿಲಿನಿಂದ ಬರಲು ಹನ್ನೊಂದೂವರೆ ಸೆಕೆಂಡ್ ಬೇಕು. ನಾಲ್ಕು ಸೆಕೆಂಡ್ ನೋಡಲು ಹನ್ನೊಂದೂವರೆ ಸೆಕೆಂಡ್ ಕಾಯುವುದು ಅಂದರೆ ಚಕ್ರ ತಿರುಗುತ್ತಲೇ ಇರುತ್ತದೆ. ಹಾಗಾಗಿ ಪ್ಲೇಯರ್ ಆ ಮೆಟ್ಟಿಲನ್ನು ಮುಟ್ಟುವುದೇ ಇಲ್ಲ, ಕೆಳಗಿಳಿದು 1750ರಲ್ಲಿ ಕೂರುತ್ತದೆ. ಚಿತ್ರ 480ಪಿ. ದೊಡ್ಡ ಟಿವಿಯಲ್ಲಿ ನೋಡಿದರೆ ಕಣ್ಣು ಮೂಗು ಗೊತ್ತಾಗುತ್ತದೆ, ಅಷ್ಟೇ.

ತಂಡ ಮೊದಲು ಮಾಡಿದ ಕೆಲಸ, ನೂರು ಬೇರೆ ಬೇರೆ ವಿಡಿಯೋ ತುಣುಕುಗಳನ್ನು ತೆಗೆದುಕೊಂಡು 1080ಪಿಯಲ್ಲಿ ಹಲವು ಹಂತಗಳಲ್ಲಿ ಎನ್‌ಕೋಡ್ ಮಾಡಿ, ಪ್ರತಿಯೊಂದರ ಬಿಟ್‌ರೇಟನ್ನೂ ಗುಣಮಟ್ಟವನ್ನೂ ಒಂದೇ ಗ್ರಾಫಿನಲ್ಲಿ ಹಾಕಿದ್ದು. ಗುಣಮಟ್ಟ ಅಳೆಯಲು ಬಳಸಿದ್ದು ಪಿಎಸ್‌ಎನ್‌ಆರ್, ಅಂದರೆ ಮೂಲ ಚಿತ್ರಕ್ಕೂ ಎನ್‌ಕೋಡ್ ಆದ ಚಿತ್ರಕ್ಕೂ ಪಿಕ್ಸೆಲ್ ಪಿಕ್ಸೆಲ್ ಹೋಲಿಸಿ ಡೆಸಿಬಲ್‌ನಲ್ಲಿ ಹೇಳುವ ಅಂಕಿ. 45 ದಾಟಿದರೆ ಸಾಮಾನ್ಯವಾಗಿ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, 35ಕ್ಕಿಂತ ಕೆಳಗೆ ಹೋದರೆ ಚೌಕಚೌಕ ಕಾಣತೊಡಗುತ್ತದೆ. ಗ್ರಾಫಿನಲ್ಲಿ ಗೆರೆಗಳು ಬೀಸಣಿಗೆಯ ಹಾಗೆ ಹರಡಿಕೊಂಡಿದ್ದವು. ಕೆಲವು ತುಣುಕುಗಳು 2500 ಕೆಬಿಪಿಎಸ್‌ಗೂ ಕಡಿಮೆಯಲ್ಲೇ 45 ದಾಟಿಬಿಟ್ಟಿವೆ. ಇನ್ನು ಕೆಲವಕ್ಕೆ 8000 ಸುರಿದರೂ 38 ಮುಟ್ಟಲು ಏದುಸಿರು. ಒಂದೇ ಏಣಿ ಇಟ್ಟುಕೊಂಡರೆ ಒಂದು ಕಡೆ ಸುಮ್ಮನೆ ಚೆಲ್ಲುತ್ತಿದ್ದೇವೆ, ಇನ್ನೊಂದು ಕಡೆ ಹೊಟ್ಟೆಗೆ ಸಾಲದಷ್ಟು ಕೊಡುತ್ತಿದ್ದೇವೆ ಅನ್ನುವುದು ಇದಕ್ಕಿಂತ ಸ್ಪಷ್ಟವಾಗಿ ಕಾಣುವುದು ಕಷ್ಟ.

ಯಾವುದಕ್ಕೆ ಜಾಸ್ತಿ ಬೇಕು ಅನ್ನುವುದು ಯಾವಾಗಲೂ ಊಹಿಸಿದ ಹಾಗಿರುವುದಿಲ್ಲ. ಓಡಾಟ ಜಾಸ್ತಿ ಇದ್ದರೆ ಬಿಟ್ ಜಾಸ್ತಿ, ಸರಿ. ಆದರೆ ಹಳೆಯ ರೀಲಿನಲ್ಲಿ ತೆಗೆದ ಸಿನಿಮಾದಲ್ಲಿ ಇಬ್ಬರು ಸುಮ್ಮನೆ ಕೂತು ಮಾತಾಡುತ್ತಿದ್ದರೂ ಬಿಟ್ ಹರಿದು ಹೋಗುತ್ತದೆ, ಯಾಕೆಂದರೆ ಫಿಲ್ಮಿನ ಆ ಸಣ್ಣ ಮರಳು ಮರಳು ಪ್ರತಿ ಫ್ರೇಮಿನಲ್ಲೂ ಬೇರೆ. ಕತ್ತಲಲ್ಲಿ ತೆಗೆದ ಡಿಜಿಟಲ್ ವಿಡಿಯೋದ ಗದ್ದಲವೂ (ಸದ್ದಲ್ಲ, ಚಿತ್ರದಲ್ಲಿ ಮಿನುಗುವ ಚುಕ್ಕೆಗಳು) ಹಾಗೆಯೇ. ಎನ್‌ಕೋಡರಿಗೆ ಅದು ಮುಖವೋ ಮರಳೋ ಗೊತ್ತಿಲ್ಲ, ಪಾಪ, ಎಲ್ಲವನ್ನೂ ನಿಯತ್ತಿನಿಂದ ಬರೆಯಲು ಹೋಗುತ್ತದೆ.

ಮುಂದಿನ ಹೆಜ್ಜೆಯೇ ಈ ಪ್ರಕರಣದ ಜೀವ. ಪ್ರತಿ ಚಿತ್ರವನ್ನೂ ಹಲವು ಅಳತೆಯಲ್ಲಿ, ಅಂದರೆ ರೆಸಲ್ಯೂಷನ್‌ನಲ್ಲಿ, ಪ್ರತಿ ರೆಸಲ್ಯೂಷನ್ನನ್ನೂ ಹಲವು ಗುಣಮಟ್ಟದಲ್ಲಿ ಪ್ರಯೋಗಕ್ಕೆ ಅಂತ ಎನ್‌ಕೋಡ್ ಮಾಡುವುದು. ಸಣ್ಣ ಅಳತೆಯದನ್ನು ಮತ್ತೆ ಹಿಗ್ಗಿಸಿ, ಟಿವಿಯಲ್ಲಿ ಹೇಗೆ ಕಾಣುತ್ತದೋ ಹಾಗೆ ಮಾಡಿ, ಮೂಲದ ಜೊತೆ ಹೋಲಿಸುವುದು. ಆಗ ಒಂದೊಂದು ರೆಸಲ್ಯೂಷನ್ನಿಗೂ ಒಂದೊಂದು ಗೆರೆ ಬರುತ್ತದೆ, ಮತ್ತು ಈ ಗೆರೆಗಳು ಒಂದನ್ನೊಂದು ದಾಟುತ್ತವೆ. ಕಡಿಮೆ ಬಿಟ್‌ರೇಟಿನಲ್ಲಿ 480ಪಿ ಮೇಲಿರುತ್ತದೆ, ಸ್ವಲ್ಪ ಮುಂದೆ 720ಪಿ ಅದನ್ನು ಹಿಂದೆ ಹಾಕುತ್ತದೆ, ಇನ್ನೂ ಮುಂದೆ 1080ಪಿ. ಬಿಟ್ ಕಡಿಮೆ ಇದ್ದಾಗ ದೊಡ್ಡ ಚಿತ್ರ ಕಳಿಸುವುದು ಅಂದರೆ ಹತ್ತು ಜನಕ್ಕೆ ಮಾಡಿದ ಅನ್ನವನ್ನು ನೂರು ಎಲೆಗೆ ಬಡಿಸಿದ ಹಾಗೆ, ಎಲ್ಲ ಎಲೆಯಲ್ಲೂ ನಾಲ್ಕು ಅಗುಳು. ಅದರ ಬದಲು ಎಲೆ ಕಡಿಮೆ ಹಾಕುವುದು ವಾಸಿ. ಎಲ್ಲ ಗೆರೆಗಳ ಮೇಲ್ಮೈಯನ್ನು ತಾಗಿಸಿಕೊಂಡು ಒಂದು ಕಮಾನು ಎಳೆದರೆ, ಆ ಕಮಾನಿನ ಮೇಲೋ ಅದಕ್ಕೆ ತೀರ ಹತ್ತಿರವೋ ಇರುವ ಬಿಂದುಗಳೇ ಆ ಚಿತ್ರದ ಸ್ವಂತ ಏಣಿ. ಚಿತ್ರಕ್ಕೊಂದು ಏಣಿ ಅನ್ನುವ ಈ ವಿಧಾನಕ್ಕೆ ಅವರು ಇಟ್ಟ ಹೆಸರು ಪರ್-ಟೈಟಲ್. ಮೆಟ್ಟಿಲುಗಳ ನಡುವಿನ ಅಂತರವೂ ಲೆಕ್ಕ ಹಾಕಿದ್ದೇ. ಒಂದರಿಂದ ಇನ್ನೊಂದಕ್ಕೆ ಹೋದಾಗ ಕಣ್ಣಿಗೆ ಧಡಕ್ಕನೆ ಗೊತ್ತಾಗಬಾರದು, ಹಾಗಂತ ಎರಡು ಮೆಟ್ಟಿಲು ಒಂದೇ ಥರ ಕಂಡು ಜಾಗ ದಂಡವಾಗಲೂಬಾರದು.

ಫಲ? ಸಪಾಟಾದ ಬಣ್ಣಗಳ ಒಂದು ಕಾರ್ಟೂನ್ ಸರಣಿಗೆ 1540 ಕೆಬಿಪಿಎಸ್‌ನಲ್ಲೇ 1080ಪಿ ಸಿಕ್ಕಿತು. ಮತ್ತೆ ಆ 2 ಎಂಬಿಪಿಎಸ್ ಮನೆಗೆ ಹೋಗೋಣ. ಹಳೇ ಏಣಿಯಲ್ಲಿ ಅವರಿಗೆ 1750ರಲ್ಲಿ 480ಪಿ. ಹೊಸ ಏಣಿಯಲ್ಲಿ ಅದಕ್ಕಿಂತ ಕಡಿಮೆ ಡೇಟಾಕ್ಕೆ 1080ಪಿ, ನಾಲ್ಕು ಸೆಕೆಂಡಿನ ತುಂಡು ಮೂರು ಸೆಕೆಂಡಿಗೆ ಬಂದು ಬೀಳುತ್ತದೆ. ಗಂಟೆಗೆ 2.6 ಜಿಬಿ ತಿನ್ನುತ್ತಿದ್ದ 1080ಪಿ ಈಗ 700 ಎಂಬಿಗೂ ಕಡಿಮೆ. ನಟರಿರುವ ಮಾಮೂಲಿ ಸರಣಿಗಳಲ್ಲಿ ಇಷ್ಟು ದೊಡ್ಡ ಲಾಭ ಇಲ್ಲ. ಅವರು ತೋರಿಸಿದ ಒಂದು ಉದಾಹರಣೆಯಲ್ಲಿ 5800 ಇದ್ದದ್ದು 4640ಕ್ಕೆ ಇಳಿಯಿತು, ಅಂದರೆ 20% ಉಳಿತಾಯ, ಗುಣಮಟ್ಟ ಹೆಚ್ಚುಕಮ್ಮಿ ಅಷ್ಟೇ.

ಪತ್ರಿಕೆಗಳು ಆಗ ಈ 20%ಅನ್ನೇ ಹಿಡಿದುಕೊಂಡವು. ನನಗೆ ಅನ್ನಿಸುವುದು, ದೊಡ್ಡ ಸುದ್ದಿ ಅದಲ್ಲ. ಮೇಲಿನ ಮೆಟ್ಟಿಲಿನಲ್ಲಿ ಕೂತವರಿಗೆ 5800 ಬಂದರೂ 4640 ಬಂದರೂ ಏನೂ ಗೊತ್ತಾಗುವುದಿಲ್ಲ, ಅವರ ಫೈಬರ್ ಅವರಿಗಿದೆ. ಬದುಕು ಬದಲಾದದ್ದು ನಡುವಿನ ಮೆಟ್ಟಿಲುಗಳಲ್ಲಿ ತೂಗಾಡುತ್ತಿದ್ದವರದ್ದು. ಅದೂ ಅವರು ತಮ್ಮ ಫೋನು, ಟಿವಿ, ಪ್ಲ್ಯಾನು ಯಾವುದನ್ನೂ ಬದಲಿಸದೆ. ಹೊಸ ಕೋಡೆಕ್ ತಂದರೆ ಅದನ್ನು ಬಿಚ್ಚಲು ಬರುವ ಸಾಧನ ಕೈಯಲ್ಲಿರಬೇಕು. ಎಚ್.264 ಆದರೆ ಆ ಕಾಲದ ಸೋವಿ ಫೋನಿನಲ್ಲೂ ಓಡುತ್ತಿತ್ತು.

ಖರ್ಚೂ ಇದೆ. ಒಂದು ಚಿತ್ರಕ್ಕೆ ಹತ್ತು ಎನ್‌ಕೋಡ್ ಸಾಕಾಗುತ್ತಿದ್ದ ಕಡೆ, ಈಗ ಏಣಿ ಯಾವುದು ಅಂತ ಕಂಡುಹಿಡಿಯುವುದಕ್ಕೇ ಅದರ ಹಲವು ಪಟ್ಟು ಎನ್‌ಕೋಡ್ ಮಾಡಿ ಎಸೆಯಬೇಕು. ಇಡೀ ಭಂಡಾರವನ್ನು ಮತ್ತೆ ಎನ್‌ಕೋಡ್ ಮಾಡಬೇಕು. ಅವರಿಗೆ ಇದು ಗಿಟ್ಟುತ್ತದೆ, ಒಮ್ಮೆ ಎನ್‌ಕೋಡ್ ಮಾಡಿದ್ದನ್ನು ಲಕ್ಷಗಟ್ಟಲೆ ಜನ ನೋಡುತ್ತಾರೆ. ಇನ್ನೂರು ಜನ ನೋಡುವ ನನ್ನ ನಿಮ್ಮ ವಿಡಿಯೋಗೆ ಹೀಗೆಲ್ಲ ಮಾಡಲು ಹೋದರೆ ಕರೆಂಟ್ ಬಿಲ್ಲೇ ಜಾಸ್ತಿ. ಇದಕ್ಕೆ ಸುಲಭದ ದಾರಿ ಇದೆ, ಕೊನೆಗೆ ಬರುತ್ತೇನೆ.

ಇಷ್ಟಾದ ಮೇಲೂ ಎರಡು ತೊಡಕು ಉಳಿದಿದ್ದವು.

ಒಂದು, ಪಿಎಸ್‌ಎನ್‌ಆರ್ ಅನ್ನುವ ಅಳತೆಗೋಲೇ ಸ್ವಲ್ಪ ಸೊಟ್ಟ. ಅದು ಪಿಕ್ಸೆಲ್ ಎಣಿಸುತ್ತದೆ, ನೋಡುವವನ ಕಣ್ಣು ಹಾಗೆ ಎಣಿಸುವುದಿಲ್ಲ. ಎರಡು ಬೇರೆ ಚಿತ್ರಗಳಿಗೆ ಅಂಕಿ ಒಂದೇ ಬಂದರೂ ಒಂದು ಚೆನ್ನಾಗಿ ಕಾಣಬಹುದು, ಇನ್ನೊಂದು ಕೆಟ್ಟದಾಗಿ. 2016ರ ಜೂನ್‌ನಲ್ಲಿ ಅವರು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೊತೆ ಸೇರಿ ಮಾಡಿದ ವಿಮ್ಯಾಫ್ ಅನ್ನುವ ಅಳತೆಯನ್ನು ಎಲ್ಲರಿಗೂ ತೆರೆದಿಟ್ಟರು. ಜನರನ್ನು ಕೂರಿಸಿ ಅಂಕ ಹಾಕಿಸಿ, ವಿವರ ಎಷ್ಟು ಕಳೆದುಹೋಗಿದೆ, ಓಡಾಟ ಎಷ್ಟಿದೆ ಅನ್ನುವಂಥ ಹಲವು ಅಳತೆಗಳನ್ನು ಸೇರಿಸಿ, ಜನ ಕೊಡುವ ಅಂಕಕ್ಕೆ ಹತ್ತಿರ ಬರುವ ಹಾಗೆ ಯಂತ್ರಕ್ಕೆ ಕಲಿಸಿದ್ದು. ಸೊನ್ನೆಯಿಂದ ನೂರರ ತನಕ ಅಂಕ. ಈಗ ಇದನ್ನು ಇಡೀ ಲೋಕವೇ ಬಳಸುತ್ತಿದೆ.

ಎರಡನೆಯದು ಇನ್ನೂ ಸ್ವಾರಸ್ಯದ್ದು. ಒಂದು ಚಿತ್ರಕ್ಕೆ ಒಂದು ಏಣಿ ಅಂದರೂ ಅದು ಸರಾಸರಿಯೇ ತಾನೆ? ಎರಡು ಗಂಟೆಯ ಸಿನಿಮಾದಲ್ಲಿ ಅಜ್ಜಿ ಜಗಲಿಯಲ್ಲಿ ಕೂತು ಮಾತಾಡುವುದೂ ಇದೆ, ಕೊನೆಗೆ ಮಳೆಯಲ್ಲಿ ಹೊಡೆದಾಟವೂ ಇದೆ. 2016ರ ನವೆಂಬರ್ ಕೊನೆಗೆ ಡೌನ್‌ಲೋಡ್ ಮಾಡಿಕೊಳ್ಳುವ ಸೌಲಭ್ಯ ಬಂದಾಗ ಮೊಬೈಲಿಗಾಗಿ ಚಿತ್ರವನ್ನು ಕೆಲವು ನಿಮಿಷಗಳ ತುಂಡುಗಳಾಗಿ ಮಾಡಿ, ತುಂಡಿಗೆ ಬೇಕಾದಷ್ಟೇ ಬಿಟ್ ಕೊಡತೊಡಗಿದರು, ಜೊತೆಗೆ ವಿಪಿ9 ಕೋಡೆಕ್ಕೂ ಬಂತು. 2018ರ ಹೊತ್ತಿಗೆ ಇನ್ನೂ ಕೆಳಗಿಳಿದು ಒಂದೊಂದು ಶಾಟಿಗೂ ಬೇರೆ ಬೇರೆ ನಿರ್ಧಾರ. ಒಂದು ಶಾಟಿನೊಳಗೆ ಚಿತ್ರ ಹೆಚ್ಚುಕಮ್ಮಿ ಒಂದೇ ಸ್ವಭಾವದ್ದು, ಶಾಟ್ ಬದಲಾಗುವ ಜಾಗದಲ್ಲಿ ಹೇಗೂ ಹೊಸ ಫ್ರೇಮನ್ನು ಪೂರ್ತಿ ಬರೆಯಲೇಬೇಕು. ಗರಗಸ ಹಾಕುವುದಾದರೆ ಮರದ ಗಿಣ್ಣು ನೋಡಿ ಹಾಕು ಅಂತ ನಮ್ಮೂರ ಬಡಗಿ ಹೇಳುತ್ತಿದ್ದ, ಇದೂ ಹಾಗೇ.

ಏಣಿಯ ಮಹಿಮೆ ಎಲ್ಲರಿಗೂ ಗೊತ್ತಾದದ್ದು 2020ರ ಮಾರ್ಚ್‌ನಲ್ಲಿ. ಲಾಕ್‌ಡೌನ್‌ನಲ್ಲಿ ನೆಟ್ ಕಟ್ಟಿಕೊಳ್ಳಬಹುದು ಅಂತ ಯುರೋಪಿನವರು ಕೇಳಿಕೊಂಡಾಗ ನೆಟ್‌ಫ್ಲಿಕ್ಸ್ 30 ದಿನ ತನ್ನ ಟ್ರಾಫಿಕ್ಕನ್ನು 25% ಇಳಿಸುವುದಾಗಿ ಹೇಳಿತು, ಭಾರತದಲ್ಲೂ ಅದನ್ನೇ ಮಾಡಿತು. ಹೇಗೆ? ಪ್ರತಿ ರೆಸಲ್ಯೂಷನ್ನಿನಲ್ಲೂ ಎಲ್ಲಕ್ಕಿಂತ ಮೇಲಿನ ಬಿಟ್‌ರೇಟನ್ನು ಮಾತ್ರ ತೆಗೆದು. ಎಚ್‌ಡಿ ಎಚ್‌ಡಿಯಾಗಿಯೇ ಉಳಿಯಿತು. ಆದರೆ ಅದೇ ವಾರ ನಮ್ಮ ದೇಶದ ವಿಡಿಯೋ ಕಂಪನಿಗಳೆಲ್ಲ ಸೇರಿ ಮೊಬೈಲ್ ನೆಟ್‌ನಲ್ಲಿ ಏಪ್ರಿಲ್ 14ರ ತನಕ 480ಪಿಗಿಂತ ಮೇಲೆ ಇಲ್ಲ ಅಂತ ತೀರ್ಮಾನಿಸಿದವು. ಸ್ಟಾಟಿಕ್ ಕ್ಯಾಮೆರಾದ ಅಡುಗೆ ವಿಡಿಯೋಗೂ 480ಪಿ, ಕ್ರಿಕೆಟ್ ಮ್ಯಾಚಿಗೂ 480ಪಿ. ಗಡಿಬಿಡಿಯಲ್ಲಿ ಮಾಡಿದ್ದು, ಬೈಯುವುದಿಲ್ಲ. ಆದರೂ ಮಿತಿ ಹಾಕಬೇಕಿದ್ದದ್ದು ಬಿಟ್‌ರೇಟಿಗೆ, ಚಿತ್ರದ ಅಳತೆಗಲ್ಲ. ನಾಲ್ಕು ವರ್ಷ ಹಿಂದಿನ ಆ ಕಾರ್ಟೂನ್ ಉದಾಹರಣೆಯಲ್ಲೇ ಇದು ಇತ್ತು.

ಇನ್ನು ನನ್ನ ಕಥೆ. ಪರಿಚಯದವರ ಒಂದು ಸಣ್ಣ ಸೈಟಿನಲ್ಲಿ ಎರಡು ಬಗೆಯ ವಿಡಿಯೋ ಇದ್ದವು. ಒಂದು, ಸ್ಲೈಡ್ ತೋರಿಸಿ ಹೇಳುವ ಹತ್ತನೇ ಕ್ಲಾಸಿನ ಗಣಿತ ಪಾಠ. ಇನ್ನೊಂದು, ಬಯಲಿನಲ್ಲಿ ರಾತ್ರಿ ತೆಗೆದ ಯಕ್ಷಗಾನ. ಸೈಟ್ ಮಾಡಿಕೊಟ್ಟವರು ಎರಡಕ್ಕೂ ಒಂದೇ ಬಿಟ್‌ರೇಟ್ ಬಿಗಿದಿದ್ದರು. ಪಾಠ ಶುರುವಾಗಲು ಸುಮ್ನೆ ತಡ, ಆಟ ಶುರುವಾದರೆ ಬರೀ ಚೌಕ.

ಮೊದಲು ಸಿಕ್ಕಿದ್ದು ಕಂಪ್ರೆಷನ್ನಿಗೆ ಸಂಬಂಧವೇ ಇಲ್ಲದ ತಪ್ಪು. ಎಂಪಿ4 ಫೈಲಿನಲ್ಲಿ ಯಾವ ಫ್ರೇಮ್ ಎಲ್ಲಿದೆ ಅನ್ನುವ ಪರಿವಿಡಿ ಇರುತ್ತದೆ, ಮೂವ್ ಆ್ಯಟಮ್ ಅಂತ. ಎನ್‌ಕೋಡರುಗಳು ಸಾಮಾನ್ಯವಾಗಿ ಅದನ್ನು ಫೈಲಿನ ಕೊನೆಗೆ ಬರೆಯುತ್ತವೆ, ಯಾಕೆಂದರೆ ಎಲ್ಲ ಮುಗಿದ ಮೇಲೆಯೇ ಪರಿವಿಡಿ ಗೊತ್ತಾಗುವುದು. ಬ್ರೌಸರ್ ಅದನ್ನು ಹುಡುಕಿಕೊಂಡು ಕೊನೆಗೆ ಹೋಗಿ ಬರಬೇಕು, ಸರ್ವರ್ ಸರಿಯಿಲ್ಲದಿದ್ದರೆ ಇಡೀ ಫೈಲ್ ಇಳಿಯುವ ತನಕ ಕಾಯಬೇಕು. ಎಫ್‌ಎಫ್‌ಎಂಪೆಗ್ ಅನ್ನುವ ವಿಡಿಯೋ ಸಾಫ್ಟ್‌ವೇರಿನಲ್ಲಿ ಫಾಸ್ಟ್‌ಸ್ಟಾರ್ಟ್ ಅನ್ನುವ ಆಯ್ಕೆ ಹಾಕಿದರೆ ಪರಿವಿಡಿ ಮುಂದಕ್ಕೆ ಬರುತ್ತದೆ, ಮತ್ತೆ ಎನ್‌ಕೋಡ್ ಮಾಡುವುದೂ ಬೇಡ. ಪಾಠದ ವಿಡಿಯೋ ಒತ್ತಿದ ಕೂಡಲೇ ಶುರುವಾಯಿತು. ನಾಚಿಕೆಯಾಗುವಷ್ಟು ಸುಲಭ.

ಆಮೇಲೆ ಬಿಟ್‌ರೇಟ್. ನೆಟ್‌ಫ್ಲಿಕ್ಸಿನ ಹಾಗೆ ಕಮಾನು ಎಳೆಯುವ ಗೋಜಿಗೆ ಹೋಗಲಿಲ್ಲ. ಎಕ್ಸ್264ರಲ್ಲಿ ಸಿಆರ್‌ಎಫ್ ಅಂತ ಒಂದು ವಿಧಾನ ಇದೆ, ಇಷ್ಟು ಬಿಟ್ ಅಂತ ಹೇಳುವ ಬದಲು ಇಷ್ಟು ಗುಣಮಟ್ಟ ಅಂತ ಹೇಳುವುದು, ಬಿಟ್ ಎಷ್ಟು ಬೇಕೋ ಅದೇ ನೋಡಿಕೊಳ್ಳುತ್ತದೆ. ಅಂಕಿ ಏನೂ ಕೊಡದಿದ್ದರೆ 23. ಬಡವರ ಪರ್-ಟೈಟಲ್ ಅಂತ ನಾನು ಇದಕ್ಕೆ ಹೆಸರಿಟ್ಟಿದ್ದೇನೆ. ಪಾಠದ ಫೈಲ್ ಇದ್ದದ್ದರ ಸಣ್ಣ ತುಣುಕಾಯಿತು, ಅಕ್ಷರಗಳು ಮೊದಲಿನಷ್ಟೇ ಚೊಕ್ಕ. ಯಕ್ಷಗಾನದ್ದು ಮೊದಲಿಗಿಂತ ದೊಡ್ಡದಾಯಿತು! ಕೇಳಿದವರಿಗೆ ಗಾಬರಿ, ಕಂಪ್ರೆಸ್ ಮಾಡು ಅಂದರೆ ಹಿಗ್ಗಿಸಿದ್ದೀಯಲ್ಲ ಮಾರಾಯ ಅಂತ. ಎರಡೂ ಸೇರಿಸಿ ನೋಡಿ, ಒಟ್ಟು ಕಡಿಮೆಯೇ ಆಗಿದೆ ಅಂತ ತೋರಿಸಬೇಕಾಯಿತು.

ಆದರೆ ನಾನೂ ಒಂದು ಎಡವಟ್ಟು ಮಾಡಿದ್ದೆ. ಸಿಆರ್‌ಎಫ್‌ಗೆ ಮೇಲಿನ ಮಿತಿ ಹಾಕಿರಲಿಲ್ಲ. ರಾಳ ಹಾಕಿ ದೀವಟಿಗೆ ಭುಗ್ ಅನ್ನಿಸಿಕೊಂಡು ಬಣ್ಣದ ವೇಷ ಒಳಗೆ ಬರುವ ಜಾಗದಲ್ಲಿ ಬೆಂಕಿ, ಹೊಗೆ, ಕತ್ತಲ ಗದ್ದಲ ಎಲ್ಲ ಸೇರಿ ಬಿಟ್‌ರೇಟ್ ಆಕಾಶಕ್ಕೆ ಹೋಯಿತು. ಎಲ್ಲರೂ ಕಾಯುವ ಅದೇ ಕ್ಷಣದಲ್ಲಿ ಎಲ್ಲರ ಫೋನಿನಲ್ಲೂ ಚಕ್ರ. ಗರಿಷ್ಠ ಬಿಟ್‌ರೇಟಿಗೂ ಬಫರಿಗೂ ಮಿತಿ ಕೊಟ್ಟು, ಗದ್ದಲ ಕಡಿಮೆ ಮಾಡುವ ಫಿಲ್ಟರನ್ನು ತೀರ ಹಗುರಾಗಿ ಹಾಕಿ ಮತ್ತೆ ಎನ್‌ಕೋಡ್ ಮಾಡಿದೆ. ಫಿಲ್ಟರ್ ಜೋರಾಗಿ ಹಾಕಿದರೆ ಮುಖವರ್ಣಿಕೆಯ ಸಣ್ಣ ಗೆರೆಗಳೂ ಅಳಿಸಿಹೋಗುತ್ತವೆ, ಅದನ್ನು ವೇಷಧಾರಿಯೊಬ್ಬರೇ ನೋಡಿ ಹೇಳಿದ್ದು, ವಿಮ್ಯಾಫ್ ಅಲ್ಲ. ಈಗ ಆಟ ನಿಲ್ಲದೆ ಓಡುತ್ತದೆ. ದೀವಟಿಗೆಯ ಹೊಗೆ ಮಾತ್ರ ಇನ್ನೂ ಪದರ ಪದರವಾಗಿ ಒಡೆದು ಕಾಣುತ್ತದೆ, ಅದೊಂದೇ ಜಾಗವನ್ನು ಬೇರೆ ತುಂಡು ಮಾಡಿ ಹತ್ತು ಬಿಟ್ ಬಣ್ಣದಲ್ಲಿ, ಅಂದರೆ ಛಾಯೆಗಳ ಹಂತ ಇನ್ನೂ ಸಣ್ಣದಾಗುವ ಹಾಗೆ, ಎವಿ1 ಅನ್ನುವ ಹೊಸ ಕೋಡೆಕ್ಕಿಗೆ ಹಾಕಿ ನೋಡುತ್ತಿದ್ದೇನೆ, ನನ್ನ ಹಳೇ ಲ್ಯಾಪ್‌ಟಾಪ್ ನಿನ್ನೆ ರಾತ್ರಿಯಿಂದ ಫ್ಯಾನ್ ತಿರುಗಿಸುತ್ತಾ ಕೂತಿದೆ.